ಟ್ರೇಲರ್ ಚಾವಣಿಯ ಹಿಮ, ಮಂಜುಗಡ್ಡೆ ತೆಗೆಯುವ ಕ್ರಮ: ಯಾರ್ಡಿನಿಂದ ಹೆದ್ದಾರಿಯವರೆಗೆ

ಅಮೆರಿಕ, ಕೆನಡಾದ ಹೆದ್ದಾರಿಗಳಲ್ಲಿ ಹೆಚ್ಚಾಗಿ ಕಾಣುವ ಟ್ರೇಲರ್ 53 ಅಡಿ ಉದ್ದ, 8.5 ಅಡಿ ಅಗಲ, ನೆಲದಿಂದ 13.5 ಅಡಿ ಎತ್ತರ. ಅಂದರೆ ಸುಮಾರು 42 ಚದರ ಮೀಟರ್ ಸಪಾಟು ಚಾವಣಿ, ಅದೂ ಕೆಳಗೆ ನಿಂತವರ ಕಣ್ಣಿಗೆ ಬೀಳದ ಜಾಗದಲ್ಲಿ. ರಾತ್ರಿ 30 ಸೆಂ.ಮೀ. ಹಿಮ ಸುರಿದರೆ ಬೆಳಿಗ್ಗೆ ಅಲ್ಲಿ 12.5 ಘನ ಮೀಟರ್ ಕೂತಿರುತ್ತದೆ. ಹಿಮವೇ ಇಲ್ಲದ ಊರಿನಿಂದ ಬಂದು ಟೊರಾಂಟೊ ಅಥವಾ ನ್ಯೂಜೆರ್ಸಿ ಕಡೆ ಟ್ರಕ್ಕು, ಯಾರ್ಡು (ಗಾಡಿ ನಿಲ್ಲಿಸುವ ಅಂಗಳ), ಡಿಸ್ಪ್ಯಾಚ್ (ಗಾಡಿಗಳನ್ನು ಗೊತ್ತುಮಾಡಿ ಕಳುಹಿಸುವುದು) ಕೆಲಸ ಹಿಡಿದವರಿಗೆ ಮೊದಲ ಚಳಿಗಾಲದಲ್ಲಿ ಈ ಲೆಕ್ಕ ತಲೆಗೆ ಹೋಗುವುದಿಲ್ಲ. ಮೇಲೆ ಹತ್ತಿಯಂಥದೇನೋ ಇದೆ, ಗಾಳಿಗೆ ತಾನೇ ಹಾರಿಹೋಗುತ್ತದೆ ಅಂದುಕೊಳ್ಳುತ್ತಾರೆ.

ಹಾರಿಹೋಗುವುದು ನಿಜ. ಎಲ್ಲಿಗೆ ಹಾರುತ್ತದೆ ಅನ್ನುವುದೇ ಪ್ರಶ್ನೆ.

ಮೇಲೆ ಕೂತಿರುವುದು ಏನು?

ಹೊಸದಾಗಿ ಬಿದ್ದ ಒಣ ಹಿಮ ಹಗುರ: ಘನ ಮೀಟರಿಗೆ 50ರಿಂದ 100 ಕಿಲೋ. ನೀರು ಕುಡಿದ ಒದ್ದೆ ಹಿಮ 300 ಕಿಲೋ ದಾಟುತ್ತದೆ. ಗಟ್ಟಿ ಮಂಜುಗಡ್ಡೆ 917 ಕಿಲೋ. ಆದ್ದರಿಂದ ಎಷ್ಟು ದಪ್ಪ ಬಿದ್ದಿದೆ ಎಂದು ಕೇಳುವ ಮೊದಲು ಏನು ಬಿದ್ದಿದೆ ಎಂದು ಕೇಳಬೇಕು. ಚಾವಣಿಯ ತುಂಬ 10 ಸೆಂ.ಮೀ. ಪುಡಿ ಹಿಮವಿದ್ದರೆ ಹೆಚ್ಚೆಂದರೆ 420 ಕಿಲೋ, ಬರೀ 2.5 ಸೆಂ.ಮೀ. ಗಡ್ಡೆಯಿದ್ದರೆ 960 ಕಿಲೋ. ಅಮೆರಿಕದ ಅಂತರರಾಜ್ಯ ಹೆದ್ದಾರಿಗಳಲ್ಲಿ ಒಟ್ಟು ತೂಕದ ಮಿತಿ 80,000 ಪೌಂಡ್, ಅಂದರೆ ಸುಮಾರು 36,290 ಕಿಲೋ. ಮಿತಿಯ ಅಂಚಿಗೆ ಲೋಡ್ ಮಾಡಿಕೊಂಡ ಗಾಡಿ ಈ ಒಂದು ಟನ್ನಿನಿಂದಲೇ ತೂಕದ ಕಟ್ಟೆಯಲ್ಲಿ ಸಿಕ್ಕಿಬೀಳುತ್ತದೆ.

ಗಡ್ಡೆ ಆಕಾಶದಿಂದ ಗಡ್ಡೆಯಾಗಿಯೇ ಬೀಳಬೇಕಿಲ್ಲ. ಪುಡಿ ಹಿಮ ಚಾವಣಿಯ ಮೇಲೆಯೇ ಗಡ್ಡೆಯಾಗುತ್ತದೆ. ಮಧ್ಯಾಹ್ನದ ಬಿಸಿಲಿಗೆ, ಇಲ್ಲವೇ ಒಳಗಿರುವ ಬೆಚ್ಚನೆಯ ಸರಕಿನ ಕಾವಿಗೆ ಅಡಿಯ ಪದರ ಕರಗುತ್ತದೆ. ಆ ನೀರು ರಾತ್ರಿ ಮತ್ತೆ ಹೆಪ್ಪುಗಟ್ಟಿ, ಸರಿಯಾಗಿ ಕಾಯದ ಕಾವಲಿಗೆ ಹುಯ್ದ ದೋಸೆಯ ಹಾಗೆ ಅಲ್ಯುಮಿನಿಯಂ ತಗಡನ್ನು ಕಚ್ಚಿಕೊಳ್ಳುತ್ತದೆ. ಇದು ಎರಡು ಮೂರು ದಿನ ನಡೆದರೆ ಮೇಲೆ ನೋಡಲು ಹಿಮ, ಕೆಳಗೆ ಎರಡು ಬೆರಳು ದಪ್ಪದ ಹಲಗೆ. ಸಾದಾ ಡ್ರೈ ವ್ಯಾನಿನ (ತಂಪು ಯಂತ್ರವಿಲ್ಲದ ಪೆಟ್ಟಿಗೆ ಟ್ರೇಲರಿನ) ತಗಡು ಸುಮಾರು 1 ಮಿ.ಮೀ. ಮಾತ್ರ, ಒಳಗಿನ ಕಾವು ನೇರ ಮೇಲೇರುವುದರಿಂದ ಅಲ್ಲಿ ಗಡ್ಡೆ ಬೇಗ ಕಟ್ಟುತ್ತದೆ. ಸರಕನ್ನು ತಂಪಾಗಿಡುವ ರೀಫರ್ ಟ್ರೇಲರಿನ ಚಾವಣಿಗೆ ದಪ್ಪ ಶಾಖನಿರೋಧಕ ಇರುವುದರಿಂದ ಹಿಮ ಹೆಚ್ಚು ಹೊತ್ತು ಪುಡಿಯಾಗಿಯೇ ಉಳಿಯುತ್ತದೆ, ಆದರೆ ಬಿಸಿಲಿಗೆ ಮೇಲ್ಗಡೆ ಹೊಪ್ಪಳೆ ಕಟ್ಟುತ್ತದೆ.

ಈಗ ಗಾಳಿಯ ಲೆಕ್ಕ. 2 ಸೆಂ.ಮೀ. ದಪ್ಪದ ಗಡ್ಡೆಯ ತೂಕ ಚದರ ಮೀಟರಿಗೆ 18 ಕಿಲೋ. ಹಲಗೆಯ ಅಂಚು ಎದ್ದು ಗಾಳಿ ಅಡಿಗೆ ನುಗ್ಗಿತೆಂದರೆ, ಗಂಟೆಗೆ 60 ಕಿ.ಮೀ. ವೇಗದಲ್ಲಿ ಆ ಗಾಳಿ ಚದರ ಮೀಟರಿಗೆ ಹೆಚ್ಚುಕಡಿಮೆ 18 ಕಿಲೋ ಭಾರದಷ್ಟೇ ಒತ್ತಬಲ್ಲದು. 100 ಕಿ.ಮೀ. ವೇಗದಲ್ಲಿ ಅದು 50 ಕಿಲೋ ದಾಟುತ್ತದೆ. ಊರೊಳಗಿನ ರಸ್ತೆಯಲ್ಲಿ ಸುಮ್ಮನೆ ಕೂತಿದ್ದ ಹಲಗೆ ಹೆದ್ದಾರಿ ಹತ್ತಿದ ಕೆಲವೇ ನಿಮಿಷಗಳಲ್ಲಿ ಏಳುವುದು ಇದಕ್ಕೇ. ಒಂದು ಮೀಟರ್ ಅಗಲ, ಎರಡು ಮೀಟರ್ ಉದ್ದದ ತುಂಡು 37 ಕಿಲೋ ತೂಗುತ್ತದೆ. ಹಿಂದಿನ ಕಾರಿನ ಗಾಜು ಅದನ್ನು ತಡೆಯುವುದಿಲ್ಲ.

ಹೆಚ್ಚು ಅಪಾಯದ ಹೊತ್ತು ಮೈನಸ್ 20ರ ಮುಂಜಾನೆ ಅಲ್ಲ. ಆಗ ಗಡ್ಡೆ ತಗಡಿಗೆ ಭದ್ರವಾಗಿ ಅಂಟಿರುತ್ತದೆ. ತಾಪಮಾನ ಸೊನ್ನೆಯ ಆಸುಪಾಸಿಗೆ ಬಂದು, ಬಿಸಿಲು ಬಿದ್ದು, ತಗಡಿಗೂ ಗಡ್ಡೆಗೂ ನಡುವೆ ತೆಳು ನೀರು ಹುಟ್ಟಿದಾಗ ಇಡೀ ಹಲಗೆ ಜಾರಲು ಸಿದ್ಧವಾಗುತ್ತದೆ. ಬೆಳಿಗ್ಗೆ ಅಲುಗಾಡದ್ದು ಮಧ್ಯಾಹ್ನ 1 ಗಂಟೆಗೆ ಹಾರುತ್ತದೆ.

ಕಾನೂನು, ಎರಡೇ ಮಾತಿನಲ್ಲಿ

ನ್ಯೂಜೆರ್ಸಿಯಲ್ಲಿ ಹಿಮ ತೆಗೆಯದೆ ಹೊರಟರೆ, ಯಾರಿಗೂ ಏನೂ ಆಗದಿದ್ದರೂ 25ರಿಂದ 75 ಡಾಲರ್ ದಂಡ. ಬಿದ್ದ ಗಡ್ಡೆಯಿಂದ ಗಾಯ ಅಥವಾ ಹಾನಿಯಾದರೆ ವಾಣಿಜ್ಯ ವಾಹನಕ್ಕೆ 500ರಿಂದ 1,500 ಡಾಲರ್. ಪೆನ್ಸಿಲ್ವೇನಿಯದಲ್ಲಿ 2022ರ ‘ಕ್ರಿಸ್ಟೀನ್ಸ್ ಲಾ’ ಪ್ರಕಾರ ಹಿಮಪಾತ ನಿಂತ 24 ಗಂಟೆಯೊಳಗೆ ತೆಗೆಯಲು ತಕ್ಕ ಪ್ರಯತ್ನ ಮಾಡಬೇಕು. ನ್ಯೂ ಹ್ಯಾಂಪ್‌ಶೈರ್, ಕನೆಕ್ಟಿಕಟ್‌ಗಳಲ್ಲೂ ಇಂಥ ಕಾನೂನುಗಳಿವೆ. ಇನ್ನೊಂದು ಕಡೆ, ಒಂಟಾರಿಯೊದ ಕೈಗಾರಿಕಾ ಸ್ಥಳಗಳ ನಿಯಮದಂತೆ 3 ಮೀಟರಿಗಿಂತ ಹೆಚ್ಚು ಎತ್ತರದಿಂದ ಬೀಳುವ ಸಂಭವವಿದ್ದರೆ ಕೆಲಸಗಾರನಿಗೆ ಬೀಳದಂತೆ ರಕ್ಷಣೆ ಕೊಡಲೇಬೇಕು. ಟ್ರೇಲರ್ ಚಾವಣಿ 4.1 ಮೀಟರ್ ಎತ್ತರ. ಒಂದು ಕಾನೂನು ಮೇಲಿನದನ್ನು ತೆಗೆ ಅನ್ನುತ್ತದೆ, ಇನ್ನೊಂದು ಸುಮ್ಮನೆ ಮೇಲೆ ಹತ್ತಬೇಡ ಅನ್ನುತ್ತದೆ. ಈ ಇಕ್ಕಟ್ಟಿಗೆ ಉತ್ತರ ಹುಡುಕಬೇಕಾದ್ದು ಯಾರ್ಡಿನ ಮಾಲೀಕರು, ಡ್ರೈವರಲ್ಲ. ಸಿಕ್ಕಿಹಾಕಿಕೊಳ್ಳುವವನು ಮಾತ್ರ ಯಾವಾಗಲೂ ಡ್ರೈವರೇ.

ಹಿಮ ಬೀಳುವ ಮೊದಲು

ಮುನ್ಸೂಚನೆ ಬಂದ ಸಂಜೆಯೇ ಅರ್ಧ ಕೆಲಸ ಮುಗಿಸಬಹುದು. ಬೇಗ ಹೊರಡಬೇಕಾದ ಟ್ರೇಲರ್‌ಗಳನ್ನು ಸರಕು ಏರಿಸಿ ಇಳಿಸುವ ಡಾಕ್ ಬಾಗಿಲಿಗೆ ಹಚ್ಚಿಡಬೇಡಿ. ವೇರ್‌ಹೌಸಿನ ಬೆಚ್ಚನೆಯ ಗಾಳಿ ಒಳಹೊಕ್ಕು ಚಾವಣಿಯ ಅಡಿ ಪದರವನ್ನು ಕರಗಿಸುತ್ತದೆ. ಚಾವಣಿಯ ಹಿಮ ತಳ್ಳುವ ಯಂತ್ರವಾದ ಸ್ಕ್ರೇಪರಿಗೆ ಹತ್ತಿರದ ಸಾಲಿನಲ್ಲಿ, ಹೊರಡುವ ಸಮಯದ ಕ್ರಮದಲ್ಲೇ ನಿಲ್ಲಿಸಿ.

ಟ್ರ್ಯಾಕ್ಟರಿನಿಂದ (ಟ್ರೇಲರ್ ಎಳೆಯುವ ಮುಂದಿನ ಟ್ರಕ್ಕಿನಿಂದ) ಬಿಡಿಸಿ ನಿಲ್ಲಿಸಿದ ಟ್ರೇಲರಿನ ಲ್ಯಾಂಡಿಂಗ್ ಗೇರನ್ನು, ಅಂದರೆ ಮುಂಭಾಗವನ್ನು ಹೊರುವ ಕಾಲುಗಳನ್ನು, ಕೆಲವು ಸುತ್ತು ಹೆಚ್ಚು ತಿರುಗಿಸಿ ಮೂತಿಯನ್ನು ಸ್ವಲ್ಪ ಎತ್ತಿಟ್ಟರೆ ಕರಗಿದ ನೀರು ಹಿಂದಕ್ಕೆ ಹರಿದುಹೋಗುತ್ತದೆ, ತಗಡಿನ ತಗ್ಗುಗಳಲ್ಲಿ ನಿಂತು ಗಡ್ಡೆಯಾಗುವುದು ಕಡಿಮೆ. ಆದರೆ ಇದರಲ್ಲೊಂದು ಬಲೆಯಿದೆ. ಮರುದಿನ ಟ್ರ್ಯಾಕ್ಟರ್ ಜೋಡಿಸುವವನು ಅದನ್ನು ಗಮನಿಸದೆ ಹಿಂದೆ ಬಂದರೆ, ಟ್ರೇಲರಿನಡಿಯ ಕೊಂಡಿಗೂಟವಾದ ಕಿಂಗ್‌ಪಿನ್ ಟ್ರ್ಯಾಕ್ಟರಿನ ‘ಐದನೇ ಚಕ್ರ’ ಎಂಬ ಜೋಡಣೆ ತಟ್ಟೆಯ ದವಡೆಗೆ ಸಿಗದೆ ಅದರ ಮೇಲೆಯೇ ಹಾಯುತ್ತದೆ. ಮೂತಿ ಎತ್ತಿದ ಟ್ರೇಲರಿಗೆ ಕಣ್ಣಿಗೆ ಬೀಳುವ ಪಟ್ಟಿ ಕಟ್ಟಿ. ಜೋಡಿಸುವ ಮೊದಲು ಇಳಿಸಿ.

ಯುರೋಪಿನಲ್ಲಿ ಹೆಚ್ಚಾಗಿರುವ, ಬದಿಗೆ ಗೋಡೆಯ ಬದಲು ಪರದೆಯಿರುವ ಪರದೆ ಟ್ರೇಲರ್‌ಗಳ ಕಥೆ ಬೇರೆ. ಅವುಗಳ ಟಾರ್ಪಾಲು ಚಾವಣಿ ಕಮಾನುಗಳ ನಡುವೆ ಜೋಲುತ್ತದೆ; ಮಳೆ ನೀರು ಅಲ್ಲಿ ನಿಂತು ಹೆಪ್ಪುಗಟ್ಟುತ್ತದೆ. ಅದಕ್ಕೆಂದೇ ಟಾರ್ಪಾಲಿನ ಅಡಿಯಲ್ಲಿ ಉದ್ದಕ್ಕೂ ಗಾಳಿಕೊಳವೆ ಕೂರಿಸುವ ವ್ಯವಸ್ಥೆಯಿದೆ. ನಿಲ್ಲಿಸಿದಾಗ ಟ್ರೇಲರಿನದೇ ಒತ್ತುಗಾಳಿ ತುಂಬಿ ನಡುವನ್ನು ಉಬ್ಬಿಸಿದರೆ ಚಾವಣಿ ಹಂಚಿನ ಮನೆಯ ಮಾಡಿನ ಹಾಗೆ ಇಳಿಜಾರಾಗಿ ನೀರು ನಿಲ್ಲುವುದಿಲ್ಲ. ಅದಿಲ್ಲದಿದ್ದರೆ, ಗಾಡಿ ಖಾಲಿಯಿದ್ದಾಗ ಒಳಗಿನಿಂದ ಬಟ್ಟೆ ಸುತ್ತಿದ ಕೋಲಿನಿಂದ ಟಾರ್ಪಾಲನ್ನು ಮೆಲ್ಲಗೆ ಎತ್ತಿ ನೀರು ಚೆಲ್ಲಿಸಬಹುದು, ಹೆಪ್ಪುಗಟ್ಟುವ ಮೊದಲು.

ಮೇಲೆ ಹತ್ತದೆ ನೋಡುವುದು

ಉದ್ದ ಕೋಲಿನ ತುದಿಗೆ ಮೊಬೈಲ್ ಕಟ್ಟಿ ವಿಡಿಯೊ ಮಾಡಿ. ಮುಂದೆ, ನಡುವೆ, ಹಿಂದೆ ಮೂರೂ ಕಡೆ. ಚಾವಣಿಯಂಚಿನಿಂದ ಮಂಜಿನ ಕೋಲುಗಳು ಇಳಿಬಿದ್ದಿದ್ದರೆ ಮೇಲೆ ಕರಗಿ ಹೆಪ್ಪುಗಟ್ಟುವ ಆಟ ಆಗಲೇ ನಡೆದಿದೆ ಎಂದರ್ಥ: ಹಿಮದಡಿ ಗಡ್ಡೆಯಿದೆ. ಕೆಲವು ಟ್ರೇಲರ್‌ಗಳಿಗೆ ಬೆಳಕು ತೂರುವ ಫೈಬರ್ ಚಾವಣಿ ಇರುತ್ತದೆ; ಒಳಗೆ ನಿಂತು ನೋಡಿದರೆ ಎಲ್ಲಿ ಕಪ್ಪಗಿದೆಯೋ ಅಲ್ಲಿ ಹೊರೆಯಿದೆ. ಪಕ್ಕದ ಕಾರುಗಳ ಮೇಲೆ ಏನಿದೆ ಎಂದು ನೋಡುವುದೂ ಒಳ್ಳೆಯ ಅಂದಾಜೇ.

ವಿಡಿಯೊದಲ್ಲಿ ಇನ್ನೊಂದನ್ನೂ ಗುರುತಿಸಿಕೊಳ್ಳಿ: ಗಾಡಿ ಎಲ್ಲಿದೆ ಎಂದು ತಿಳಿಸುವ ಸೌರಫಲಕದ ಟ್ರ್ಯಾಕರ್, ಗಾಳಿಕಿಂಡಿಯ ಮುಚ್ಚಳ, ಮೇಲಂಚಿನ ದೀಪಗಳು, ಹಳೆಯ ತೇಪೆಗಳು. ಬ್ಲೇಡಿಗೆ ಸಿಕ್ಕಿ ಕೀಳುವುದು ಇವೇ.

ಡ್ರೈವ್-ಥ್ರೂ ಸ್ಕ್ರೇಪರ್

ಇಪ್ಪತ್ತು ಮೂವತ್ತು ಟ್ರೇಲರಿರುವ ಯಾರ್ಡಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಎರಡು ಎತ್ತರದ ಕಂಬಗಳ ನಡುವೆ ತೂಗುವ ಬಾಣದ ಮೊನೆಯಾಕಾರದ ನೇಗಿಲು. ವಿಂಚಿನಿಂದ ಏರಿಸಿ ಇಳಿಸಬಹುದು. ಅಂಚಿಗೆ ರಬ್ಬರ್ ಅಥವಾ ಗಟ್ಟಿ ಪ್ಲಾಸ್ಟಿಕ್ ಪಟ್ಟಿ. ಗಾಡಿ ಅಡಿಯಲ್ಲಿ ಸಾಗಿದಂತೆ ಮೊನೆ ಹಿಮವನ್ನು ಸೀಳಿ ಎರಡೂ ಬದಿಗೆ ತಳ್ಳುತ್ತದೆ. ಬ್ಲೇಡಿನ ಬದಲು ತಿರುಗುವ ಬ್ರಷ್ ಇರುವ ಯಂತ್ರಗಳೂ ಇವೆ. ಪುಡಿ ಹಿಮಕ್ಕೆ ಅವು ಹೆಚ್ಚು ಚೊಕ್ಕ, ಗಡ್ಡೆಯ ಮುಂದೆ ಸೋಲುತ್ತವೆ.

1. ಒಳಬರುವ, ಹೊರಹೋಗುವ ದಾರಿಯಲ್ಲಿ ಮರಳು ಹಾಕಿ. ಬ್ಲೇಡಿನಡಿ ಗಾಡಿ ಪಕ್ಕಕ್ಕೆ ಜಾರಿದರೆ ಕಂಬಕ್ಕೆ ತಾಗುತ್ತದೆ.
2. ಎರಡೂ ಬದಿಗೆ ಕನಿಷ್ಠ 4 ಮೀಟರ್ ಜಾಗದಲ್ಲಿ ಯಾರೂ ಇಲ್ಲದಂತೆ ಕೋನ್ ಇಡಿ. ನಾಲ್ಕು ಮೀಟರ್ ಎತ್ತರದಿಂದ ಬೀಳುವ ಗಡ್ಡೆಗೆ ಹೆಲ್ಮೆಟ್ ಸಾಕಾಗುವುದಿಲ್ಲ.
3. ಬ್ಲೇಡು ಪೂರ್ತಿ ಮೇಲಿರುವಾಗ ಕ್ಯಾಬ್, ಕ್ಯಾಬಿನ ಗಾಳಿತಡೆ, ರೀಫರ್ ಆಗಿದ್ದರೆ ಮೂತಿಯ ಯಂತ್ರ ಇಷ್ಟೂ ದಾಟುವ ತನಕ ಮುಂದೆ ಬನ್ನಿ. ನಿಲ್ಲಿಸಿ.
4. ಹೊರಗಿರುವವನು ಬ್ಲೇಡನ್ನು ಟ್ರೇಲರ್ ಮೂತಿಯ ಹಿಂದೆ ಇಳಿಸಲಿ. ಅದು ತನ್ನ ಭಾರದಿಂದಷ್ಟೇ ಕೂರಬೇಕು, ಒತ್ತಬಾರದು. ಏರ್ ಸಸ್ಪೆನ್ಷನ್, ಲೋಡಿಗೆ ತಕ್ಕಂತೆ ಪ್ರತಿ ಟ್ರೇಲರಿನ ಎತ್ತರ ಬೇರೆ, ಹಿಂದಿನ ಗಾಡಿಗೆ ಹೊಂದಿಸಿದ್ದು ಇದಕ್ಕೆ ಹೊಂದದು.
5. ಗಂಟೆಗೆ 3ರಿಂದ 5 ಕಿ.ಮೀ., ನಡಿಗೆಯ ವೇಗದಲ್ಲಿ, ನೇರವಾಗಿ, ನಿಲ್ಲಿಸದೆ ಎಳೆಯಿರಿ. ನಡುವೆ ನಿಲ್ಲಿಸಿದರೆ ಮುಂದೆ ಗುಡ್ಡೆಯಾದ ಹಿಮ ಬ್ಲೇಡಿನ ಮೇಲೆ ಹತ್ತುತ್ತದೆ. ಬ್ಲೇಡು ಕೆಳಗಿರುವಾಗ ಹಿಂದಕ್ಕೆ ಒಂದಡಿಯೂ ಬರಬೇಡಿ.
6. ಹಿಂಬಾಗಿಲಿನ ಅಂಚು ಬಂದಾಗ ನಿಧಾನಿಸಿ. ಅಲ್ಲಿಂದ ಬ್ಲೇಡು ದಡಕ್ಕನೆ ಕೆಳಗೆ ಬಿದ್ದರೆ ಮೇಲಂಚಿನ ದೀಪಗಳು ಹೋಗುತ್ತವೆ.

ಹೊಸ ಹಿಮವಾದರೆ ಒಂದೇ ಸಲ ಸಾಕು. ಬ್ಲೇಡು ತಗಡಿಗೆ ಅಂಟಿದ ಗಡ್ಡೆಯನ್ನು ಕೆರೆಯುವುದಿಲ್ಲ; ಮೇಲಿನದನ್ನು ತೆಗೆದು ಗಡ್ಡೆಯ ಮೇಲೆ ಜಾರಿಕೊಂಡು ಹೋಗುತ್ತದೆ. ಎರಡನೇ ಸಲ ಹೋದ ಮೇಲೂ ವಿಡಿಯೊದಲ್ಲಿ ಹೊಳೆಯುವ ಹಲಗೆ ಕಂಡರೆ ಬ್ಲೇಡಿಗೆ ಭಾರ ಕಟ್ಟಿ ಮೂರನೇ ಸಲ ಪ್ರಯತ್ನಿಸುವ ಉತ್ಸಾಹ ಬೇಡ. ತಗಡನ್ನು ಹಿಡಿದಿರುವ ಅಡ್ಡಪಟ್ಟಿಗಳು ಸಾಮಾನ್ಯವಾಗಿ 2 ಅಡಿಗೊಂದು. ನಡುವಿನ 1 ಮಿ.ಮೀ. ಹಾಳೆಗೆ ಆಧಾರವಿಲ್ಲ. ಅಲ್ಲಿ ಬ್ಲೇಡು ಕಚ್ಚಿದರೆ ಸಾರ್ಡೀನ್ ಡಬ್ಬಿ ತೆರೆದ ಹಾಗೆ ಸುರುಳಿ ಸುತ್ತಿಬಿಡುತ್ತದೆ.

ಯಂತ್ರ ಕೊಳ್ಳುವವರು ಮರೆಯುವ ಸಂಗತಿ ಒಂದಿದೆ: ಬಿದ್ದ ಹಿಮ. 30 ಸೆಂ.ಮೀ. ಹೊತ್ತ ಹತ್ತು ಟ್ರೇಲರ್ ಅಂದರೆ 125 ಘನ ಮೀಟರ್. ಪಕ್ಕದಲ್ಲಿ ಲೋಡರ್ ನಿಂತಿರಬೇಕು, ಮೂರು ನಾಲ್ಕು ಗಾಡಿಗೊಮ್ಮೆ ಬದಿ ಖಾಲಿ ಮಾಡಬೇಕು. ಇಲ್ಲದಿದ್ದರೆ ಐದನೇ ಗಾಡಿಯ ಚಕ್ರ ಆ ರಾಶಿಯಲ್ಲಿ ಹೂತು, ಬ್ಲೇಡಿನ ಅಡಿಯಲ್ಲೇ ನಿಂತುಬಿಡುತ್ತದೆ.

ಸ್ಕ್ರೇಪರ್ ಇಲ್ಲದ ಕಡೆ ಕೈ ಕೆಲಸ

ಮೊದಲನೆಯ ಮಾತು: ಚಾವಣಿಯ ಮೇಲೆ ನಿಲ್ಲಬಾರದು. ತಗಡು ಜಾರುತ್ತದೆ, ಫೈಬರ್ ಚಾವಣಿಯಾದರೆ ಕಾಲು ನೇರ ಒಳಗೆ ಹೋಗುತ್ತದೆ, ಅಂಚು ಎಲ್ಲಿದೆ ಎಂದು ಹಿಮ ತೋರಿಸುವುದಿಲ್ಲ. ಬಾಗಿಲಿಗೆ ಏಣಿ ಒರಗಿಸಿ ಪೊರಕೆ ಹಿಡಿಯುವುದೂ ಅಷ್ಟೇ. ಗಡ್ಡೆ ಜಾರಿ ಬಂದರೆ ಏಣಿಯ ಮೇಲಿರುವವನಿಗೆ ಹೋಗಲು ದಾರಿಯಿಲ್ಲ.

ಸರಿಯಾದ ವ್ಯವಸ್ಥೆ ಎಂದರೆ ಟ್ರೇಲರಿನ ಪಕ್ಕ ನಿಲ್ಲುವ, ಸುತ್ತ ಕೈಕಂಬಿಯಿರುವ ಕಟ್ಟೆ ಅಥವಾ ಚಕ್ರದ ಮೇಲಿನ ವೇದಿಕೆ. ಜರ್ಮನಿಯ ಕೆಲವು ಹೆದ್ದಾರಿ ತಂಗುದಾಣಗಳಲ್ಲಿ ಡ್ರೈವರ್‌ಗಳಿಗೆಂದೇ ಇಂಥ ಮೆಟ್ಟಿಲ ಅಟ್ಟಗಳಿವೆ. ಗಾಡಿ ಪಕ್ಕದಲ್ಲಿ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಎಂಜಿನ್ ಆರಿಸಿ, ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟು, ಕೀ ಜೇಬಿಗೆ ಹಾಕಿಕೊಂಡೇ ಮೇಲೆ ಹೋಗಿ. ಬೂಟಿಗೆ ಮುಳ್ಳಿನ ಪಟ್ಟಿ, ತಲೆಗೆ ಹೆಲ್ಮೆಟ್, ಕಣ್ಣಿಗೆ ಕನ್ನಡಕ.

ಸಲಕರಣೆ ನಮ್ಮ ಕಣದಲ್ಲಿ ಭತ್ತ ಎಳೆಯುವ ಗೋರುಮಣೆಯಂಥದೇ: 60 ಸೆಂ.ಮೀ. ಅಗಲದ ಗಟ್ಟಿ ಫೋಮ್ ಅಥವಾ ಪ್ಲಾಸ್ಟಿಕ್ ತಲೆ, ಉದ್ದ ಹಿಡಿ. ಕಬ್ಬಿಣದ ಸಲಿಕೆ ಬೇಡ. ರಿವೆಟ್ಟಿನ ತಲೆ ಹಾರಿದರೆ ವಸಂತದಲ್ಲಿ ಒಳಗಿನ ಸರಕು ನೆನೆಯುತ್ತದೆ. ಹಿಮವನ್ನು ನಿಮ್ಮ ಕಡೆಗೆ ಎಳೆಯದೆ ಆಚೆ ಬದಿಗೆ ತಳ್ಳಿ. ಅಗಲ 2.6 ಮೀಟರ್ ಇರುವುದರಿಂದ 3 ಮೀಟರ್ ಹಿಡಿ ಬೇಕಾಗುತ್ತದೆ. ಒಮ್ಮೆಗೆ ಒಂದಡಿ ಅಗಲದ ಪಟ್ಟಿ ಸಾಕು. ಇಡೀ ರಾಶಿಗೆ ಭುಜ ಕೊಟ್ಟರೆ ಸೊಂಟ ಹಿಡಿಯುತ್ತದೆ. ಆಚೆ ಬದಿಯಲ್ಲಿ ಯಾರೂ ಇಲ್ಲ ಎಂದು ಖಚಿತಪಡಿಸಲು ಕೆಳಗೊಬ್ಬರು ನಿಂತಿರಲಿ, ದೂರದಲ್ಲಿ.

ನೆಲದ ಮೇಲೆ ನಿಂತು 5-6 ಮೀಟರ್ ಕೋಲಿನಿಂದ ಎಳೆಯುವುದು ಪುಡಿ ಹಿಮಕ್ಕೆ ಮಾತ್ರ. ಗೋರುಮಣೆಯ ನೇರ ಕೆಳಗೆ ನಿಲ್ಲದೆ ಓರೆಯಾಗಿ ನಿಂತು, ಗಾಳಿ ಬೆನ್ನಿಗಿರುವಂತೆ ಎಳೆಯಿರಿ. ಕೋಲಿಗೆ ‘ಠಣ್’ ಎಂದು ಗಟ್ಟಿ ತಾಗಿದರೆ ಅಲ್ಲಿಗೆ ಬಿಡಿ. ವಿದ್ಯುತ್ ತಂತಿಯ ಹತ್ತಿರವಂತೂ ಈ ಕೋಲು ಎತ್ತಲೇಬಾರದು. 3 ಮೀಟರ್ ಅಂತರ ಕನಿಷ್ಠ. ಫೈಬರ್ ಕೋಲಾದರೂ ಒದ್ದೆಯಾದರೆ ಕರೆಂಟು ಹರಿಯಬಲ್ಲದು.

ಅಂಟಿದ ಗಡ್ಡೆ

ಇದನ್ನು ಬಲದಿಂದ ಬಿಡಿಸಲಾಗದು, ಕಾವಿನಿಂದ ಮಾತ್ರ. ಚಾವಣಿಯ ಮೇಲಿನ 1 ಸೆಂ.ಮೀ. ಗಡ್ಡೆ ಸುಮಾರು 385 ಕಿಲೋ. ಅದನ್ನು ಪೂರ್ತಿ ಕರಗಿಸಲು ಗಡ್ಡೆಗೇ ಹೋಗುವ ಶಾಖ ಸುಮಾರು 36 ಯೂನಿಟ್ ವಿದ್ಯುತ್ತಿಗೆ ಸಮ, ಪೋಲಾಗುವುದು ಬೇರೆ. ಆದರೆ ಪೂರ್ತಿ ಕರಗಿಸುವ ಅಗತ್ಯವೇ ಇಲ್ಲ. ತಗಡಿಗೆ ಅಂಟಿದ ಕೂದಲೆಳೆಯಷ್ಟು ಪದರ ಬಿಟ್ಟರೆ ಸಾಕು. ಟ್ರೇಲರನ್ನು ಬಿಸಿ ಮಾಡಿದ ಶೆಡ್ಡಿನೊಳಗೆ ನಿಲ್ಲಿಸಿ ಕಾಯಿರಿ. ಖಾಲಿ ಡ್ರೈ ವ್ಯಾನ್ ಆದರೆ ಹಿಂಬಾಗಿಲು ತೆರೆದಿಟ್ಟು ಶೆಡ್ಡಿನ ಬಿಸಿಗಾಳಿ ಒಳಗೂ ಹೋಗುವಂತೆ ಮಾಡಿ. ಅಂಚಿನಿಂದ ನೀರು ತೊಟ್ಟಿಕ್ಕಲು ಶುರುವಾದಾಗ ಕೆಳಗಿರುವವರನ್ನೆಲ್ಲ ಹೊರಗೆ ಕಳುಹಿಸಿ, ವೇದಿಕೆಯ ಮೇಲಿನಿಂದ ಹಲಗೆಗಳನ್ನು ಆಚೆ ಬದಿಗೆ ತಳ್ಳಿ. ಹಲಗೆ ಹತ್ತಿಪ್ಪತ್ತು ಅಡಿ ಉದ್ದದ್ದೇ ಒಮ್ಮೆಗೆ ಜಾರಬಹುದು. ಆಮೇಲೆ ಚಾವಣಿ ಒಣಗುವ ತನಕ ಹೊರಗೆ ತರಬೇಡಿ. ಒದ್ದೆ ತಗಡು ಮೈನಸ್ 10ಕ್ಕೆ ಹೊರಬಂದರೆ ಮತ್ತೆ ಮೊದಲಿನಿಂದ.

ಬಿಸಿನೀರು ಹುಯ್ಯುವವರಿದ್ದಾರೆ. ಆ ನೀರು ಬಾಗಿಲ ರಬ್ಬರಿಗೆ, ಬ್ರೇಕಿಗೆ, ಗಾಳಿಕೊಳವೆಯ ಜೋಡಣೆಗೆ ಇಳಿದು ಹೆಪ್ಪುಗಟ್ಟುತ್ತದೆ. ಉಪ್ಪು ಎರಚುವುದು ಇನ್ನೂ ದುಬಾರಿ: ಸಾದಾ ಉಪ್ಪು ಮೈನಸ್ 10ರ ಕೆಳಗೆ ಹೆಚ್ಚು ಕೆಲಸ ಮಾಡದು, ಕ್ಯಾಲ್ಸಿಯಂ ಕ್ಲೋರೈಡ್ ಮಾಡುತ್ತದೆ, ಆದರೆ ಎರಡೂ ಅಲ್ಯುಮಿನಿಯಂ ಮತ್ತು ಉಕ್ಕು ಸೇರುವ ರಿವೆಟ್ ಸಾಲನ್ನು ತಿನ್ನುತ್ತವೆ. ಯಾರ್ಡಿನಲ್ಲಿ ವೇಗವಾಗಿ ಓಡಿಸಿ ಗಕ್ಕನೆ ಬ್ರೇಕ್ ಹೊಡೆಯುವ ಹಳೆಯ ಉಪಾಯವೂ ಉಂಟು. ಆಗ ಗಡ್ಡೆ ಮುಂದಕ್ಕೆ ಜಾರಿ ಬೀಳುವುದು ನಿಮ್ಮದೇ ಕ್ಯಾಬಿನ ಮೇಲೆ, ಗಾಜಿನ ಮೇಲೆ.

ಹೊರಡುವ ಮುನ್ನ

ಇನ್ನೊಮ್ಮೆ ವಿಡಿಯೊ. ದೀಪ, ಟ್ರ್ಯಾಕರ್, ರೀಫರಿನ ಫ್ಯಾನ್ ಜಾಲರಿ ನೋಡಿ. ಹಿಂದಿನ ಬಂಪರಿನ ಮೇಲೆ, ಕ್ಯಾಬಿಗೂ ಟ್ರೇಲರಿಗೂ ನಡುವಿನ ಹಲಗೆಯ ಮೇಲೆ ಬಿದ್ದ ಗಡ್ಡೆ ಗುಡಿಸಿ. ಟ್ರೇಲರ್ ಖಾಲಿಯಿದ್ದರೆ ಒಳಗೆ ನಿಂತು, ಹೊರಗೆ ಗೊತ್ತಿರುವವರನ್ನು ನಿಲ್ಲಿಸಿ, ಬಾಗಿಲು ಮುಚ್ಚಿಸಿ ಮೇಲೆ ನೋಡಿ. ತಗಡು ಎಲ್ಲಿ ಸೀಳಿದೆಯೋ ಅಲ್ಲಿ ನಕ್ಷತ್ರದ ಹಾಗೆ ಬೆಳಕು ಕಾಣುತ್ತದೆ. ಆ ಜಾಗವನ್ನು ಸೀಮೆಸುಣ್ಣದಿಂದ ಗುರುತು ಮಾಡಿ, ಒಣಗಿದ ಮೇಲೆ ತೇಪೆ ಹಾಕಿಸಿ. ಒದ್ದೆ ತಗಡಿಗೆ ಯಾವ ತೇಪೆಯೂ ನಿಲ್ಲದು. ಅಮೆರಿಕದಲ್ಲಿ ಈ ಹೊತ್ತೆಲ್ಲ ಕೆಲಸದ ಸಮಯವೇ, ಕೆಲಸ ಶುರುವಾದ ಮೇಲೆ ಓಡಿಸುವುದನ್ನು ಮುಗಿಸಬೇಕಾದ 14 ಗಂಟೆಯ ಲೆಕ್ಕದಲ್ಲಿ ಕಳೆಯುತ್ತದೆ. ಸ್ಕ್ರೇಪರ್ ಮುಂದಿನ ಸಾಲಿನಲ್ಲಿ ಒಂದೂವರೆ ಗಂಟೆ ನಿಲ್ಲಬೇಕೆಂದರೆ ಡಿಸ್ಪ್ಯಾಚರ್ ತಲುಪುವ ವೇಳೆಯನ್ನು ಆಗಲೇ ತಿದ್ದಬೇಕು.

ದಾರಿಯಲ್ಲಿ ಹಿಮಕ್ಕೆ ಸಿಕ್ಕವರಿಗೆ ಆಯ್ಕೆ ಕಡಿಮೆ. ಟ್ರಕ್ ಸ್ಟಾಪುಗಳಲ್ಲಿ ಸಾಮಾನ್ಯವಾಗಿ ಇದಕ್ಕೇನೂ ಇರುವುದಿಲ್ಲ. ಡಿಸ್ಪ್ಯಾಚಿಗೆ ಕರೆ ಮಾಡಿ ಹತ್ತಿರದಲ್ಲಿ ಯಾವ ಟರ್ಮಿನಲ್, ಯಾವ ಗ್ರಾಹಕರ ಯಾರ್ಡಿನಲ್ಲಿ ಸ್ಕ್ರೇಪರ್ ಇದೆ ಕೇಳಿ. ಕೇಳಿದ ಸಮಯ, ಬಂದ ಉತ್ತರ ಬರೆದಿಟ್ಟುಕೊಳ್ಳಿ. ರಾತ್ರಿ ನಿಲ್ಲಿಸುವಾಗ ಬೆಳಗಿನ ಬಿಸಿಲು ಬೀಳುವ ಜಾಗ ಹುಡುಕಿ, ಪಕ್ಕದಲ್ಲಿ ಕಾರು ನಿಲ್ಲದಂತೆ ನೋಡಿ. ಬಿಸಿಲೇರಿ ಬದಿಯಿಂದ ಗಡ್ಡೆ ಕಳಚುತ್ತಿದ್ದರೆ ಅದು ಮುಗಿಯುವ ತನಕ ಹೊರಡಬೇಡಿ. ಪ್ರತಿ ನಿಲುಗಡೆಯಲ್ಲೂ ಕೋಲಿನ ತುದಿಯ ಮೊಬೈಲ್ ಮೇಲೆ ಹೋಗಲಿ. ಮೇಲೆ 10 ಸೆಂ.ಮೀ. ಗಡ್ಡೆಯಿದ್ದರೆ 13.5 ಅಡಿಯ ಗಾಡಿ 13.8 ಅಡಿಯಾಗಿರುತ್ತದೆ. ಸೇತುವೆಯ ಫಲಕ ಓದುವಾಗ ಅದನ್ನೂ ಸೇರಿಸಿಕೊಳ್ಳಿ.